ಆಳ್ವ ಅಮ್ಮ ಏನು ಮಾಡಿದರು ಅಂತ ಕೇಳಿದವರಿಗೆ

ನಿನ್ನೆ ಸಂಜೆಯಿಂದ ಮಷೀನ್ ಮುಂದೆ ಕೂತರೂ ಕೈ ಓಡುತ್ತಿಲ್ಲ. ಎರಡು ರವಿಕೆ ಕತ್ತರಿಸಿ ಇಟ್ಟಿದ್ದು ಹಾಗೇ ಇದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ನಿನ್ನೆ ನಮ್ಮ ಪಂಚಾಯತಿಯಲ್ಲಿ ಮಹಿಳಾ ಗ್ರಾಮಸಭೆ ಇತ್ತು. ಮಕ್ಕಳ ಡ್ಯಾನ್ಸಿಗೆ ಲಂಗ ಹೊಲಿದುಕೊಟ್ಟಿದ್ದೆ, ಹಾಗಾಗಿ ನಾನೂ ಹೋದೆ. ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಭಾಷಣ ಮಾಡಿದಳು. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಲೋಕಸಭೆಗೆ ಹೋದವರ ಬಗ್ಗೆ. ಅವರ ಅಕ್ಕೋರು ಚೆನ್ನಾಗಿ ತಯಾರಿ ಮಾಡಿಸಿದ್ದರು. ಚೀಟಿ ನೋಡದೆ ಒಂದೊಂದೇ ಹೆಸರು ಹೇಳಿದಳು. ಜೋಕಿಂ ಆಳ್ವ, ದಿನಕರ ದೇಸಾಯಿ, ಬಿ.ವಿ. ನಾಯಕ, ಕದಂ, ದೇವರಾಯ ನಾಯ್ಕ, ಅನಂತಕುಮಾರ ಹೆಗಡೆ, ಈಗಿನ ಕಾಗೇರಿಯವರು. "1952ರಿಂದ 2024ರವರೆಗೆ 18 ಸಾರ್ವತ್ರಿಕ ಚುನಾವಣೆ ಆಗಿವೆ. ಗೆದ್ದವರು ಎಂಟು ಮಂದಿ. ಅವರಲ್ಲಿ ಹೆಂಗಸು ಒಬ್ಬರೇ, ಮಾರ್ಗರೆಟ್ ಆಳ್ವ" ಅಂತ ಮುಗಿಸಿದಳು. ನಾವೆಲ್ಲ ಚಪ್ಪಾಳೆ ಹೊಡೆದೆವು.

ಆಮೇಲೆ ಅತಿಥಿಯಾಗಿ ಬಂದ ಮುಖಂಡರೊಬ್ಬರು ಮೈಕ್ ಹಿಡಿದರು. "ಹುಡುಗಿ ಚೆನ್ನಾಗಿ ಮಾತಾಡಿದಳು. ಆದರೆ ಆ ಆಳ್ವ ಅಮ್ಮ ಹೊರಗಿನವರು. ಬಂದರು, ಗೆದ್ದರು, ಹೋದರು. ನಮಗೆ ಏನು ಮಾಡಿದರು? ಒಂದು ಹೇಳಿ ನೋಡುವಾ" ಅಂದರು. ಮುಂದಿನ ಸಾಲಿನಲ್ಲಿದ್ದ ಗಂಡಸರು ನಕ್ಕರು. ಆ ಹುಡುಗಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಳು, ಏನೋ ತಪ್ಪು ಮಾಡಿದವಳ ಹಾಗೆ.

ಅವರು ಅದನ್ನು ಹೇಳುವಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಪಂಚಾಯತಿಯ ಅಧ್ಯಕ್ಷರು. ಹೆಂಗಸು. ಈ ಸಲ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು. ವೇದಿಕೆಯ ಕೆಳಗೆ ಕೂತಿದ್ದ ಸದಸ್ಯರಲ್ಲಿ ಅರ್ಧ ಜನ ಹೆಂಗಸರು. ಅವರ ಎದುರಿಗೇ ನಿಂತು ಆ ಅಮ್ಮ ಏನು ಮಾಡಿದರು ಅಂತ ಕೇಳುತ್ತಾರೆ. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಹುಡುಗಿಗೆ ಮೂರು ನಿಮಿಷ ಕೊಟ್ಟಿದ್ದರು. ಅವಳು ಹೇಳದೆ ಬಿಟ್ಟಿದ್ದನ್ನು ಮೊದಲು ಹೇಳುತ್ತೇನೆ.

ಮಾರ್ಗರೆಟ್ ಆಳ್ವ ಹುಟ್ಟಿದ್ದು 1942ರಲ್ಲಿ, ಮಂಗಳೂರಿನಲ್ಲಿ. ಬೆಂಗಳೂರಿನಲ್ಲಿ ಕಾನೂನು ಓದಿದರು. 1964ರಲ್ಲಿ ನಿರಂಜನ ಆಳ್ವರನ್ನು ಮದುವೆಯಾದರು. ಆ ಮದುವೆಯಿಂದ ಅವರು ನಮ್ಮ ಜಿಲ್ಲೆಗೆ ಸೊಸೆ ಬಂದ ಹಾಗೇ ಆಯಿತು. ಮಾವ ಜೋಕಿಂ ಆಳ್ವ ನಮ್ಮ ಕ್ಷೇತ್ರದ ಮೊದಲ ಸಂಸದರು. ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1952ರಲ್ಲಿ, ಇಲ್ಲಿಂದ ಗೆದ್ದವರು. 1957ರಲ್ಲೂ 1962ರಲ್ಲೂ ಗೆದ್ದರು. ಅತ್ತೆ ವೈಲೆಟ್ ಆಳ್ವ ಅದೇ ಹೊತ್ತಿಗೆ ರಾಜ್ಯಸಭೆಯಲ್ಲಿದ್ದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಸಂಸತ್ತಿನಲ್ಲಿ ಕೂತ ಮೊದಲ ಜೋಡಿ ಅವರದು. ವೈಲೆಟ್ ಅವರು 1962ರಿಂದ ರಾಜ್ಯಸಭೆಯ ಉಪಸಭಾಪತಿ. ಆ ಪೀಠದಲ್ಲಿ ಕೂತು ಸಭೆ ನಡೆಸಿದ ಮೊದಲ ಹೆಂಗಸು ಅವರೇ. 1969ರ ನವೆಂಬರಿನಲ್ಲಿ ತೀರಿಕೊಂಡರು.

ಸೊಸೆ ರಾಜ್ಯಸಭೆಗೆ ಹೋಗಿದ್ದು 1974ರಲ್ಲಿ. ಆಗ ವಯಸ್ಸು 32. ಮನೆಯಲ್ಲಿ ಸಣ್ಣ ಸಣ್ಣ ಮಕ್ಕಳು. 1980, 1986, 1992, ಹೀಗೆ ಒಟ್ಟು ನಾಲ್ಕು ಸಲ ಕರ್ನಾಟಕದಿಂದ ಆರಿಸಿಹೋದರು. 24 ವರ್ಷ. ಆಮೇಲೆ 1999ರಲ್ಲಿ ನಮ್ಮ ಕ್ಷೇತ್ರಕ್ಕೆ ಬಂದು, ಆಗ ಸಂಸದರಾಗಿದ್ದ ಅನಂತಕುಮಾರ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಅಲ್ಲಿ 5 ವರ್ಷ. ಎರಡೂ ಸೇರಿ 29 ವರ್ಷ. ಇಷ್ಟು ವರ್ಷ ಒಬ್ಬ ಮನುಷ್ಯ ಸುಮ್ನೆ ಕೂತು ಬರುತ್ತಾನಾ?

ಆ ಮುಖಂಡರು ಕೇಳಿದ ಪ್ರಶ್ನೆ ಅವರೊಬ್ಬರದಲ್ಲ. ನಾವೆಲ್ಲ ಕೇಳುವುದೂ ಅದನ್ನೇ. ಎಂಪಿ ಅಂದರೆ ನಮಗೆ ರಸ್ತೆ, ಸೇತುವೆ, ಬಸ್ ತಂಗುದಾಣ. ತಂಗುದಾಣದ ನೆತ್ತಿಯ ಮೇಲೆ ಸಂಸದರ ನಿಧಿಯಿಂದ ಅಂತ ಬಣ್ಣದಲ್ಲಿ ಬರೆದಿರುತ್ತಾರಲ್ಲ, ಅದು ಕಣ್ಣಿಗೆ ಕಾಣುತ್ತದೆ. ಮಳೆ ಬಂದರೆ ಕೆಳಗೆ ನಿಲ್ಲಬಹುದು. ನನಗೂ ರಸ್ತೆ ಬೇಕು, ಬೇಡ ಅನ್ನುವುದಿಲ್ಲ. ಹುಬ್ಬಳ್ಳಿ ಅಂಕೋಲಾ ರೈಲು ಬಂದರೆ ಮೊದಲ ದಿನವೇ ಟಿಕೆಟ್ ತೆಗೆಸುತ್ತೇನೆ. ಆದರೆ ಸಂಸತ್ತು ಇರುವುದು ಕಾನೂನು ಮಾಡಲಿಕ್ಕೆ, ಅಲ್ವಾ? ಅಲ್ಲಿ ಆದ ಕೆಲಸಕ್ಕೆ ನಮ್ಮೂರಿನಲ್ಲಿ ಬೋರ್ಡ್ ಹಾಕುವವರು ಯಾರು?

ಈಗ ಆ ಕುರ್ಚಿಯ ವಿಷಯಕ್ಕೆ ಬರುತ್ತೇನೆ.

1985ರಲ್ಲಿ ದಿಲ್ಲಿಯಲ್ಲಿ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಗೆ ಅಂತಲೇ ಬೇರೆ ಇಲಾಖೆ ಮಾಡಿದರು. ರಾಜೀವ್ ಗಾಂಧಿ ಪ್ರಧಾನಿ. 1989ರವರೆಗೂ ಆ ಇಲಾಖೆ ಮಾರ್ಗರೆಟ್ ಆಳ್ವರ ಕೈಯಲ್ಲಿತ್ತು. ವರದಕ್ಷಿಣೆ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದ್ದು, ಜಾಹೀರಾತಿನಲ್ಲಿ ಹೆಂಗಸರನ್ನು ಅಸಭ್ಯವಾಗಿ ತೋರಿಸಬಾರದು ಅಂತ ಕಾನೂನು ಬಂದಿದ್ದು, ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕನ್ವರ್ ಅನ್ನುವ ಹುಡುಗಿ ಗಂಡನ ಚಿತೆಯಲ್ಲಿ ಸುಟ್ಟುಹೋದ ಮೇಲೆ 1987ರಲ್ಲಿ ಸತಿ ತಡೆ ಕಾನೂನು ಬಂದಿದ್ದು, ಎಲ್ಲವೂ ಈ ನಾಲ್ಕೈದು ವರ್ಷದೊಳಗೆ.

1988ರಲ್ಲಿ ಅವರ ಇಲಾಖೆ ಒಂದು ಯೋಜನೆ ತಯಾರಿಸಿತು. 2000ನೇ ಇಸವಿಯವರೆಗೆ ದೇಶದ ಹೆಂಗಸರಿಗೆ ಏನೇನು ಆಗಬೇಕು ಅಂತ ಬರೆದ ಯೋಜನೆ. ಪಂಚಾಯತಿಯಿಂದ ಹಿಡಿದು ಜಿಲ್ಲಾ ಪರಿಷತ್ತಿನವರೆಗೆ ಹೆಂಗಸರಿಗೆ 30 ಶೇಕಡಾ ಸ್ಥಾನ ಮೀಸಲಿಡಬೇಕು ಅಂತ ಅದರಲ್ಲಿತ್ತು. 1989ರಲ್ಲಿ ರಾಜೀವ್ ಗಾಂಧಿ ಸರ್ಕಾರ ಪಂಚಾಯತಿಗಾಗಿ ಸಂವಿಧಾನ ತಿದ್ದುಪಡಿ ತಂದಾಗ ಹೆಂಗಸರ ಮೀಸಲಾತಿಯೂ ಅದರೊಳಗೆ ಸೇರಿತು. ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಕೆಲವೇ ಮತಗಳಿಗೆ ಬಿದ್ದುಹೋಯಿತು. ಆಮೇಲೆ ನರಸಿಂಹರಾಯರು ಪ್ರಧಾನಿಯಾಗಿದ್ದಾಗ, 1992ರ ಡಿಸೆಂಬರಿನಲ್ಲಿ, 73ನೇ ತಿದ್ದುಪಡಿಯಾಗಿ ಮತ್ತೆ ಬಂತು. ಆಗಲೂ ಮಾರ್ಗರೆಟ್ ಆಳ್ವ ಸರ್ಕಾರದಲ್ಲಿ ಮಂತ್ರಿ, ರಾಜ್ಯಸಭೆಯ ಸದಸ್ಯೆ. 1993ರ ಏಪ್ರಿಲ್ 24ರಿಂದ ಜಾರಿ. ಪಂಚಾಯತಿಯ ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ, ಅಧ್ಯಕ್ಷ ಸ್ಥಾನಗಳಲ್ಲೂ ಮೂರರಲ್ಲಿ ಒಂದು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು.

ಆ ಮುಖಂಡರೇ, ನಿನ್ನೆ ನಿಮ್ಮ ಎಡಗಡೆ ಇದ್ದ ಕುರ್ಚಿ ಬಂದಿದ್ದು ಈ ದಾರಿಯಲ್ಲಿ.

ನನ್ನ ಗೋಡೆಯಲ್ಲಿ ಜಗಳಕ್ಕೆ ಬರುವ ಅಣ್ಣಂದಿರು ಏನು ಹೇಳುತ್ತಾರೆ ಅಂತ ಗೊತ್ತು. "ಅಕ್ಕಾ, ಕರ್ನಾಟಕದಲ್ಲಿ ಇದು ಮೊದಲೇ ಇತ್ತು" ಅಂತ. ಹೌದು, ಇತ್ತು. ಅದನ್ನು ನನಗಿಂತ ಜಾಸ್ತಿ ಯಾರು ಬಲ್ಲರು? 1987ರ ಜನವರಿಯಲ್ಲಿ ಮಂಡಲ ಪಂಚಾಯತಿ ಚುನಾವಣೆ ಆದಾಗ ಹೆಂಗಸರಿಗೆ 25 ಶೇಕಡಾ ಮೀಸಲು. ಆಗ ಮುಖ್ಯಮಂತ್ರಿ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು, ಪಂಚಾಯತಿ ಮಂತ್ರಿ ನಜೀರ್ ಸಾಬರು. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. ನನ್ನ ಚಿಕ್ಕಿ ಆ ಸಲ ಮಂಡಲ ಪಂಚಾಯತಿ ಸದಸ್ಯೆ ಆಗಿದ್ದರು. ನಾಲ್ಕನೇ ಕ್ಲಾಸು ಓದಿದವರು. ಮೊದಲ ಸಭೆಗೆ ಹೋದಾಗ ಕೂರಲಿಕ್ಕೆ ಕುರ್ಚಿ ಸಾಲದೆ ಬಾಗಿಲ ಹತ್ತಿರ ನಿಂತಿದ್ದರಂತೆ. ಮೂರನೇ ಸಭೆಯ ಹೊತ್ತಿಗೆ ಬೇಗ ಹೋಗಿ ಕುರ್ಚಿ ಹಿಡಿಯುವುದನ್ನು ಕಲಿತರು.

ಆದರೆ ಆಮೇಲೆ ಏನಾಯಿತು? 1992ರಲ್ಲಿ ಆ ಪಂಚಾಯತಿಗಳ ಅವಧಿ ಮುಗಿಯಿತು. ಹೊಸ ಚುನಾವಣೆ ಮಾಡಲಿಲ್ಲ. ಆಡಳಿತಾಧಿಕಾರಿ ಬಂದು ಕೂತರು. ಚಿಕ್ಕಿ ಮನೆಗೆ ಬಂದರು. ರಾಜ್ಯದ ಕಾನೂನು ಅಂದರೆ ಹಾಗೆ. ಒಂದು ಸರ್ಕಾರ ಕೊಟ್ಟಿದ್ದನ್ನು ಇನ್ನೊಂದು ಸರ್ಕಾರ ಸುಮ್ಮನೆ ಬಿಟ್ಟುಬಿಡಬಹುದು. ಸಂವಿಧಾನಕ್ಕೆ ಬರೆದ ಮೇಲೆ ಹಾಗೆ ಮಾಡಲಿಕ್ಕೆ ಕಷ್ಟ. 1993ರ ಡಿಸೆಂಬರಿನಲ್ಲಿ ನಮ್ಮಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಿದ್ದು ಅದಾದ ಮೇಲೇ. (ಅಷ್ಟು ಬರೆದಿದ್ದರೂ, 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯತಿಗಳಿಗೆ 2024 ಕಳೆದರೂ ಚುನಾವಣೆ ಆಗಲಿಲ್ಲ. ಬರೆಯದೇ ಇದ್ದಿದ್ದರೆ ಗ್ರಾಮ ಪಂಚಾಯತಿಯ ಗತಿ ಏನಾಗುತ್ತಿತ್ತು ಅಂತ ಯೋಚನೆ ಮಾಡಿ.)

ಇನ್ನೊಂದು ಮಾತೂ ಬರುತ್ತದೆ. ಅದನ್ನು ಮಾಡಿದ್ದು ರಾಜೀವ್ ಗಾಂಧಿ, ನರಸಿಂಹರಾಯರು, ಪಾರ್ಟಿ, ಇವರೊಬ್ಬರೇ ಅಲ್ಲ ಅಂತ. ಒಬ್ಬರೇ ಅಂತ ನಾನೂ ಹೇಳುತ್ತಿಲ್ಲ. ಕಾನೂನನ್ನು ಯಾರೂ ಒಬ್ಬರೇ ಮಾಡುವುದಿಲ್ಲ. ಆದರೆ ಹೆದ್ದಾರಿ ಆದಾಗ ನಾವು ಎಂಜಿನಿಯರ್, ಗುತ್ತಿಗೆದಾರ, ಜಲ್ಲಿ ಹೊತ್ತವರು ಎಲ್ಲರನ್ನೂ ಬಿಟ್ಟು ಎಂಪಿಗೆ ಹಾರ ಹಾಕುತ್ತೇವೆ. ಕಾನೂನಿನ ಮಾತು ಬಂದಾಗ ಮಾತ್ರ ಯಾಕೆ ಇಷ್ಟು ಲೆಕ್ಕ? ಅದರಲ್ಲೂ ಹೆಂಗಸಿನ ಹೆಸರು ಬಂದಾಗ ಯಾಕೆ?

ಹೊರಗಿನವರು ಅನ್ನುವ ಮಾತಿಗೆ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಮದುವೆಯಾಗಿ ಬಂದ ಹೆಣ್ಣನ್ನು ನಮ್ಮ ಮನೆ, ನಿಮ್ಮ ಮನೆ ಅಂತ ಆಡಿಸುವುದು ನಮಗೆ ಮೊದಲಿಂದ ಗೊತ್ತಿರುವ ಕೆಲಸ. ನಾನು ಹೊನ್ನಾವರದಿಂದ ಇಲ್ಲಿಗೆ ಬಂದು 30 ವರ್ಷದ ಮೇಲಾಯಿತು. ಈಗಲೂ ಏನಾದರೂ ಮಾತು ಬಂದರೆ ಅವರು ಹೊನ್ನಾವರದ ಕಡೆಯವರು ಅನ್ನುತ್ತಾರೆ. ಜೋಕಿಂ ಆಳ್ವರೂ ಉಡುಪಿ ಕಡೆಯವರೇ. ಅವರನ್ನು ನಮ್ಮವರು ಮೂರು ಸಲ ಗೆಲ್ಲಿಸಿದರು. ನಿನ್ನೆ ಆ ಮುಖಂಡರು ಅವರನ್ನು ಹೊರಗಿನವರು ಅನ್ನಲಿಲ್ಲ, ಸೊಸೆಯನ್ನು ಅಂದರು.

ಈಗ ನನ್ನದನ್ನೂ ಹೇಳುತ್ತೇನೆ. ಇಲ್ಲದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ.

1999ರಲ್ಲಿ ನಾನು ಮಾರ್ಗರೆಟ್ ಆಳ್ವರಿಗೆ ಮತ ಹಾಕಿದ್ದೆ. 2004ರಲ್ಲಿ ಹಾಕಲಿಲ್ಲ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಮನೆಯಲ್ಲಿ ಎಲ್ಲರೂ ಹೊರಗಿನವರು ಅಂದರು. ಅಂಗಡಿಗೆ ಬಂದವರೂ ಅಂದರು. ನಾನೂ ಹಾಗೇ ಅಂದುಕೊಂಡೆ. ಆ 5 ವರ್ಷ ಅವರು ಮಹಿಳಾ ಸಬಲೀಕರಣದ ಸಂಸದೀಯ ಸಮಿತಿಯ ಅಧ್ಯಕ್ಷೆ ಆಗಿದ್ದರು ಅನ್ನುವುದು ನನಗೆ ಗೊತ್ತಿರಲೇ ಇಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ. ಅವರು ಸೋತರು. 2009ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ಅದೇ ವರ್ಷ ಉತ್ತರಾಖಂಡಕ್ಕೆ ರಾಜ್ಯಪಾಲರಾಗಿ ಹೋದರು, ಆಮೇಲೆ ರಾಜಸ್ಥಾನಕ್ಕೆ.

ಅದಕ್ಕೂ ಹಿಂದಿನದು ಇನ್ನೊಂದಿದೆ. ಇದನ್ನು ನನ್ನ ಮಗಳಿಗೂ ಸರಿಯಾಗಿ ಹೇಳಿಲ್ಲ. 1993ರಲ್ಲಿ, ಆ ಹೊಸ ಕಾನೂನಿನ ಮೊದಲ ಚುನಾವಣೆಯಲ್ಲಿ, ನಮ್ಮ ಕೇರಿಯ ಸ್ಥಾನ ಮಹಿಳೆಗೆ ಬಂತು. ಊರಿನ ನಾಲ್ಕು ಜನ ನಮ್ಮ ಮನೆಗೆ ಬಂದರು. "ನಿಮ್ಮ ಸೊಸೆ ಓದಿದವಳು, ಲೆಕ್ಕ ಬರುತ್ತದೆ, ನಿಲ್ಲಿಸಿ" ಅಂತ ಜಗಲಿಯಲ್ಲಿ ಕೂತು ಅತ್ತೆಯವರಿಗೆ ಹೇಳಿದರು. ನನಗೆ 26 ವರ್ಷ. ಅಡುಗೆ ಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆ ಬೇಡ ಅಂದರು. ನಾನು ಹೊರಗೆ ಬಂದು ನಿಲ್ಲುತ್ತೇನೆ ಅಂದಿದ್ದರೆ ನಮ್ಮವರು ಬೇಡ ಅನ್ನುತ್ತಿರಲಿಲ್ಲ. ಆ ಮನುಷ್ಯ ಅಂಥವರಲ್ಲ. ನಾನು ಹೊರಗೆ ಬರಲಿಲ್ಲ. ಚಹಾ ಮಾಡಿ ಲೋಟಗಳನ್ನು ಬಾಗಿಲ ಹತ್ತಿರ ಇಟ್ಟೆ, ಅಷ್ಟೇ.

ಆಮೇಲೆ ಕೆಳಗಿನ ಕೇರಿಯ ಒಬ್ಬರು ನಿಂತರು. ಮೀನು ಮಾರುವವರು. ಸಹಿ ಹಾಕಲಿಕ್ಕೆ ಕಲಿತಿದ್ದೇ ಗೆದ್ದ ಮೇಲೆ. ಅವರ ಅವಧಿಯಲ್ಲಿ ನಮ್ಮ ಕೇರಿಗೆ ನಲ್ಲಿ ಬಂತು. ಅಲ್ಲಿಯವರೆಗೆ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತಿತ್ತು, ಮೇಲಿನ ಊರಿನಿಂದ ಕೊಡ ಹೊತ್ತು ತರಬೇಕಿತ್ತು. ಆ ಕೊಡ ಹೊತ್ತವರಲ್ಲಿ ನಾನೂ ಒಬ್ಬಳು. ಹಾಗಾಗಿ ದಿಲ್ಲಿಯಲ್ಲಿ ಕೂತು ಬರೆದ ಕಾನೂನು ನಮಗೆ ಏನು ಮಾಡಿತು ಅಂತ ಯಾರಾದರೂ ಕೇಳಿದರೆ, ನನ್ನ ಉತ್ತರ ಆ ನಲ್ಲಿ. ಅದರಲ್ಲಿ ಬರುವ ನೀರಿನಲ್ಲೇ ಇವತ್ತಿಗೂ ಅನ್ನ ಮಾಡುತ್ತೇನೆ.

ದಿನಕರ ದೇಸಾಯರು ಇಲ್ಲಿಂದ ಗೆದ್ದಿದ್ದು ಒಂದೇ ಸಲ, 1967ರಲ್ಲಿ. ಆದರೂ ಇಡೀ ಜಿಲ್ಲೆ ಅವರನ್ನು ನೆನೆಯುತ್ತದೆ. ನೆನೆಯಲೇಬೇಕು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಅಂಕೋಲಾ ಕಡೆ ಹೈಸ್ಕೂಲುಗಳನ್ನು ಮಾಡದೇ ಇದ್ದಿದ್ದರೆ ಎಷ್ಟು ಬಡವರ ಮಕ್ಕಳು ಓದುತ್ತಿದ್ದರು? ಶಾಲೆ ಕಣ್ಣಿಗೆ ಕಾಣುತ್ತದೆ, ಗಂಟೆ ಹೊಡೆಯುತ್ತದೆ. ಅದರ ಪಕ್ಕದಲ್ಲೇ ಈ ಕೆಲಸವನ್ನೂ ಇಡಿ ಅಂತ ಕೇಳುತ್ತಿದ್ದೇನೆ. ಒಬ್ಬರನ್ನು ಏರಿಸಲಿಕ್ಕೆ ಇನ್ನೊಬ್ಬರನ್ನು ಇಳಿಸಬೇಕಾಗಿಲ್ಲ.

ಮಾರ್ಗರೆಟ್ ಆಳ್ವ ಮಾಡಿದ್ದೆಲ್ಲ ಸರಿ ಅಂತ ನನ್ನ ವಾದ ಅಲ್ಲ. ಅವರ ಪಾರ್ಟಿಯ ಬಗ್ಗೆ ನನಗೆ ಬೇಕಾದಷ್ಟು ಸಿಟ್ಟಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿ ಹೋದರು. ಮನೆ, ಗದ್ದೆ, ಸಮುದ್ರ ಮೂರನ್ನೂ ಬಿಟ್ಟು ಎದ್ದ ಕಾರವಾರ, ಅಂಕೋಲಾದ ಜನ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ನಮ್ಮ ನೆಂಟರೇ ಇದ್ದಾರೆ ಅವರಲ್ಲಿ. ಆ ವಿಷಯಕ್ಕೆ ನಮ್ಮ ಕಡೆಯಿಂದ ದಿಲ್ಲಿಗೆ ಹೋದ ಎಲ್ಲರನ್ನೂ ಪ್ರಶ್ನೆ ಕೇಳಬೇಕು. ಕೇಳಿ, ಜೋರಾಗಿಯೇ ಕೇಳಿ. ಆದರೆ ಏನೂ ಮಾಡಿಲ್ಲ ಅನ್ನಬೇಡಿ. 2008ರಲ್ಲಿ ನಮ್ಮ ರಾಜ್ಯದ ಚುನಾವಣೆಯಲ್ಲಿ ಟಿಕೆಟ್ ಮಾರಿದ್ದಾರೆ ಅಂತ ತಮ್ಮ ಪಾರ್ಟಿಯ ಮೇಲೇ ಬಹಿರಂಗವಾಗಿ ಹೇಳಿ, ಪಾರ್ಟಿಯಲ್ಲಿದ್ದ ಸ್ಥಾನ ಕಳೆದುಕೊಂಡ ಹೆಂಗಸು ಅವರು. ಹಾಗೆ ಬಾಯಿ ಬಿಟ್ಟ ಎಷ್ಟು ಜನ ಗಂಡಸರನ್ನು ನೀವು ನೋಡಿದ್ದೀರಿ?

2022ರ ಆಗಸ್ಟಿನಲ್ಲಿ 80ನೇ ವಯಸ್ಸಿನಲ್ಲಿ ಉಪರಾಷ್ಟ್ರಪತಿ ಚುನಾವಣೆಗೆ ನಿಂತರು. ಸೋಲುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. 528 ಮತ ಧನಕರ್ ಅವರಿಗೆ, 182 ಇವರಿಗೆ. ಗೆದ್ದಿದ್ದರೆ ರಾಜ್ಯಸಭೆಯ ಸಭಾಪತಿ ಆಗುತ್ತಿದ್ದರು. ಅತ್ತೆ ಉಪಸಭಾಪತಿಯಾಗಿ ಕೂತಿದ್ದ ಪೀಠದಲ್ಲೇ ಸೊಸೆ ಕೂರುತ್ತಿದ್ದರು. ಆವತ್ತು ಟಿವಿ ನೋಡುತ್ತಾ ನನಗೆ ಅಳು ಬಂತು. 2004ರ ನನ್ನ ಮತ ನೆನಪಾಯಿತು. ಆ ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ, ಗೊತ್ತು.

ಲೋಕಸಭೆಯಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಸ್ಥಾನ ಅನ್ನುವ ಮಸೂದೆ ಮೊದಲು ಬಂದಿದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. ಪಾಸಾಗಿದ್ದು 2023ರಲ್ಲಿ. ಅಷ್ಟು ಹೊತ್ತಿಗೆ 27 ವರ್ಷ ಆಗಿತ್ತು. 2024ರ ಚುನಾವಣೆಗೆ ಅದು ಜಾರಿ ಆಗಲಿಲ್ಲ, ಜನಗಣತಿ, ಕ್ಷೇತ್ರ ವಿಂಗಡಣೆ ಎಲ್ಲ ಮುಗಿಯಬೇಕಂತೆ. ಆ ಚುನಾವಣೆಯಲ್ಲಿ 543ರಲ್ಲಿ ಗೆದ್ದ ಹೆಂಗಸರು 74. ಕರ್ನಾಟಕದ 28ರಲ್ಲಿ ಮೂವರು. ನಿನ್ನೆಯ ಹುಡುಗಿಗೆ ಈಗ 14 ವರ್ಷ. ಅವಳು ಮತ ಹಾಕುವ ಹೊತ್ತಿಗಾದರೂ ನಮ್ಮ ಕ್ಷೇತ್ರದ ಪಟ್ಟಿಯಲ್ಲಿ ಇನ್ನೊಂದು ಹೆಂಗಸಿನ ಹೆಸರು ಸೇರಲಿ ಅಂತ ನನಗೆ ಆಸೆ. ಅದಕ್ಕೆ ಮೊದಲು, ಇರುವ ಒಂದು ಹೆಸರನ್ನು ಅವಳು ತಲೆ ತಗ್ಗಿಸದೆ ಹೇಳುವ ಹಾಗೆ ಆಗಲಿ.

ಸಭೆ ಮುಗಿದ ಮೇಲೆ ಲಂಗ ವಾಪಸ್ ಕೊಡಲಿಕ್ಕೆ ಅವಳೇ ಬಂದಳು. "ಆಂಟಿ, ನಾನು ತಪ್ಪು ಹೇಳಿದ್ನಾ?" ಅಂತ ಕೇಳಿದಳು. "ಇಲ್ಲ ತಂಗಿ, ಒಂದಕ್ಷರವೂ ತಪ್ಪಿಲ್ಲ" ಅಂದೆ. ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ 1993ರ ಅಡುಗೆ ಮನೆ ಬಾಗಿಲಿನ ಕಥೆಯನ್ನು ಅವಳಿಗೂ ಹೇಳಬೇಕಾಗುತ್ತಿತ್ತು.

ನಮ್ಮ ಅಧ್ಯಕ್ಷರ ಬಗ್ಗೆಯೂ ಒಂದು ಮಾತು. ನಿನ್ನೆ ಅವರು ಓದಿದ್ದು ಸ್ವಾಗತದ ನಾಲ್ಕು ಸಾಲು ಮಾತ್ರ. ಮಿಕ್ಕಿದ್ದನ್ನೆಲ್ಲ ಅವರ ಗಂಡನೇ ಮಾತಾಡಿದರು. ಪ್ರಶ್ನೆ ಕೇಳಿದರೂ ಅವರೇ ಉತ್ತರ ಕೊಟ್ಟರು. ಇದನ್ನು ನೋಡಿಯೇ ಜನ "ಮೀಸಲಾತಿ ಕೊಟ್ಟು ಏನು ಪ್ರಯೋಜನ" ಅನ್ನುವುದು. ನಾನು ಅದನ್ನು ಒಪ್ಪುವುದಿಲ್ಲ. ಅವರು ನನ್ನ ಅಂಗಡಿಗೆ ರವಿಕೆ ಹೊಲಿಸಲಿಕ್ಕೆ ಬರುತ್ತಾರೆ. ಅಳತೆ ತೆಗೆಯುವಾಗ ಒಳಗೆ ನಾವಿಬ್ಬರೇ ಇರುತ್ತೇವೆ. ಹೋದ ಸಲ ಬಂದಾಗ ಮೇಲಿನ ಕೇರಿಯ ಟ್ಯಾಂಕಿಗೆ ಎಷ್ಟು ಇಂಚಿನ ಪೈಪ್ ಬೇಕು, ಯಾವ ಬಾವಿಯಲ್ಲಿ ಮೇ ತಿಂಗಳಲ್ಲೂ ಸಿಹಿ ನೀರು ಇರುತ್ತದೆ, ಬಿಲ್ ಯಾರ ಟೇಬಲ್ ಮೇಲೆ ನಿಂತಿದೆ, ಎಲ್ಲ ಲೆಕ್ಕ ಒಂದೇ ಉಸಿರಿಗೆ ಹೇಳಿದರು. ಅಷ್ಟೂ ಅವರ ತಲೆಯಲ್ಲಿತ್ತು, ಚೀಟಿ ಇರಲಿಲ್ಲ.

ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದೆ. "ಅಧ್ಯಕ್ಷರೇ, ಮುಂದಿನ ಸಭೆಯಲ್ಲಿ ಆ ಟ್ಯಾಂಕಿನ ವಿಷಯ ನೀವೇ ಮೈಕ್ ಹಿಡಿದು ಹೇಳಬೇಕು. ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಯಾರಾದರೂ ನಡುವೆ ಮಾತಾಡಿದರೆ ಈ ಸಲ ನಾನೇ ಎದ್ದು ನಿಲ್ಲುತ್ತೇನೆ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನನಗೆ ಮೈಕ್ ಹಿಡಿದರೆ ಕೈ ನಡುಗುತ್ತದೆ ಅಕ್ಕಾ. ನಿಮ್ಮ ಅಂಗಡಿಯಲ್ಲಿ ಒಂದೆರಡು ಸಲ ಹೇಳಿ ನೋಡಲಾ?" ಅಂದರು.

ಮಂಗಳವಾರ ಮಧ್ಯಾಹ್ನ ಬರುತ್ತಾರೆ. ಆ ಹೊತ್ತಿಗೆ ಬಾಗಿಲು ಹಾಕಿರುತ್ತೇನೆ, ರವಿಕೆ ತಗೊಂಡು ಹೋಗುವವರು ನಾಲ್ಕು ಗಂಟೆಯ ಮೇಲೆ ಬನ್ನಿ.